ಬಾಣಂತಿ ಕೋಣೆಯ ನಗು

ಬಾಜೂ ಮನೆಯ ಅಕ್ಕ ನಕ್ಕರೆ ಹತ್ತಿಮತ್ತೂರಿನ ಬಸ್‌ಸ್ಟ್ಯಾಂಡಿಗೂ ಕೇಳುತ್ತಿತ್ತು. ನಾನು ಊರವರನ್ನೆಲ್ಲ ಅಣಕಿಸಿದರೆ ಬೈಯದೆ, "ಲೇ ಮಂಗ್ಯಾ, ಇನ್ನೊಮ್ಮಿ ಮಾಡೋ" ಎನ್ನುತ್ತಿದ್ದವಳು ಅವಳೊಬ್ಬಳೇ. ನನ್ನ ಕಿವಿ ನೋಡಿದರೆ ಯಾರಾದರೂ ಮಂಗ್ಯಾ ಅಂತಲೇ ಅಂದಾರು.

ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವಳು ನಗುವುದನ್ನೇ ಬಿಟ್ಟಳು. ತಲೆಗೆ ಸ್ಕಾರ್ಫ್ ಬಿಗಿದು, ಹೊರಸಿನ ಕೆಳಗಿನ ಕೆಂಡದ ಹೊಗೆಯಲ್ಲಿ, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಕೂಸು ಅತ್ತರೂ ತಿರುಗುತ್ತಿರಲಿಲ್ಲ. ಏನು ಕೇಳಿದರೂ "ಏನಿಲ್ಲ ಬಿಡೋ" ಎನ್ನುವಳು.

"ಹೆರಿಗಿ ಆದಮ್ಯಾಲ ಹಾರ್ಮೋನ್ ಏರುಪೇರ ಆಗ್ತಾವ್ರಿ. ಸವಣೂರಿಗೆ ಕರ್ಕೊಂಡ ಹೋಗಿ ಡಾಕ್ಟರಿಗೆ ತೋರಸ್ರಿ" ಎಂದು ಆಶಾ ಕಾರ್ಯಕರ್ತೆ ಹೇಳಿ ಹೇಳಿ ಸೋತಿದ್ದಳು. ಹಸಿ ಬಾಣಂತಿಗೆ ಗಾಳಿ ಸೋಕಬಾರದು ಎನ್ನುತ್ತಿದ್ದ ಅಕ್ಕನ ಅವ್ವ ಕಡೆಗೊಂದು ದಿನ ಒಪ್ಪಿದಳು. ಬಾಗಿಲಿಗೆ ಆಟೋ ಬಂತು.

ಕರೆಯಲು ಒಳಗೆ ಹೋದ ನನ್ನನ್ನು ಅಕ್ಕ ಕೇಳಿದಳು: "ನಾ ಹೆಂಗ ನಗ್ತಿದ್ದೆ? ಮಾಡಿ ತೋರ್ಸೋ."

ಮಾಡಿದೆ. ಥೇಟ್ ಅವಳ ಹಾಗೆಯೇ, ಕೊನೆಗೆ ಉಸಿರು ಸಿಕ್ಕಿಕೊಳ್ಳುವಷ್ಟು ನಕ್ಕೆ. ಅಕ್ಕ ಅದನ್ನು ಪರವೂರಿನ ಯಾರದೋ ಸುದ್ದಿಯಂತೆ ಕೇಳಿದಳು.

ಹೊರಗಿನಿಂದ ಅವಳ ಅವ್ವ ಕೂಗಿದಳು: "ಕೇಳಿದ್ರೇನು? ನಗಾಕತ್ತಾಳ! ಇನ್ಯಾಕ ಡಾಕ್ಟರ? ಆಟೋ ಕಳಸ್ರಿ!"

ಓಡಿದೆ. "ದೊಡ್ಡವ್ವ, ನಕ್ಕಿದ್ದು ನಾನು. ಅಕ್ಕ ಅಲ್ಲ."

"ನನ್ನ ಮಗಳ ನಗು ನನಗ ಗೊತ್ತಿಲ್ಲೇನೋ, ಖೋಡಿ?" ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಂಬಿಸಲು ನಾನು ಅದೇ ನಗು ಮತ್ತೊಮ್ಮೆ ನಗಬೇಕಿತ್ತು. ಬಾಯಿ ತೆರೆದೆ. ದನಿ ಬರಲಿಲ್ಲ. ಆಟೋ ಖಾಲಿಯೇ ತಿರುಗಿ ಹೋಯಿತು.