ಟ್ಯಾಂಕಿನ ಮುಚ್ಚಳ ಮತ್ತು ಸಿದ್ದಪ್ಪನ ಕಾಲು

ಗಾಡಿಯಲ್ಲಿದ್ದ ದೋಷವನ್ನು ಮನುಷ್ಯನ ಮೇಲೆ ಹೊರಿಸಿದವನು ನಾನು. ಆ ದೋಷವನ್ನು ಗಾಡಿಯೊಳಗೆ ಇಟ್ಟವನೂ ನಾನೇ. ಗೊತ್ತಾದ ಮೇಲೆ ಆರು ವರ್ಷ ಬಾಯಿ ಮುಚ್ಚಿಕೊಂಡು ಕುಳಿತವನೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುವುದು, ಬಿಡುವುದು ನಿಮಗೆ ಬಿಟ್ಟದ್ದು.

ಡೊಂಬಿವಲಿಯ ನಮ್ಮ ಕನ್ನಡ ಸಂಘದವರು ವಾರ್ಷಿಕ ಸಂಚಿಕೆಗೆಂದು ಒಂದು ಲೇಖನ ಕೇಳಿದ್ದರು. ಹಳೆಯ ಗಾಡಿ ಒಮ್ಮೆ ಸ್ಟಾರ್ಟ್ ಆಗುತ್ತದೆ, ಒಮ್ಮೆ ಆಗುವುದಿಲ್ಲ, ಸಿಗ್ನಲ್ಲಿನಲ್ಲಿ ನಿಂತರೆ ಇಂಜಿನ್ ನಡುಗಿ ಬಂದ್ ಬೀಳುತ್ತದೆ — ಅದರ ಬಗ್ಗೆ ನಾಲ್ಕು ಮಾತು ಬರೆಯಿರಿ ಮಿಸ್ತ್ರಿ ಎಂದರು. ಒಪ್ಪಿಕೊಂಡೆ. ಕಲ್ಯಾಣದಿಂದ ಬೇಲಾಪುರದವರೆಗೆ ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಜಂಬ ಅನ್ನುತ್ತೀರಾ, ಅನ್ನಿ. ಮೂವತ್ತು ವರ್ಷದಿಂದ ಕಲ್ಯಾಣ-ಶೀಳ್ ರಸ್ತೆಯ ಬದಿಯಲ್ಲಿ ಗ್ಯಾರೇಜ್ ಇಟ್ಟಿದ್ದೇನೆ. ಬಾನೆಟ್ ತೆಗೆಯುವ ಮೊದಲೇ, ಬರೀ ಸದ್ದು ಕೇಳಿ, ಯಾವ ಪ್ಲಗ್ ಸತ್ತಿದೆ ಎಂದು ಹೇಳಿದವನು. ಸಿಂದಗಿಯಿಂದ ಹುಡುಗನಾಗಿ ಬಂದ ನನ್ನನ್ನು ಈ ಕಿವಿಯೇ ಸಾಕಿದೆ, ಅದನ್ನು ನಾನು ಈಗಲೂ ಅಲ್ಲಗಳೆಯುವುದಿಲ್ಲ.

ಲೇಖನ ಶುರು ಮಾಡಿದೆ. ಬಂದು ಹೋಗುವ ದೋಷವನ್ನು ಹಿಡಿಯುವುದಕ್ಕೆ ಒಂದೇ ದಾರಿ: ಗಾಡಿ ಯಾವಾಗ ಕೈಕೊಡುತ್ತದೆ ಎಂದು ಓಡಿಸುವವನನ್ನು ಕೇಳಬೇಕು. ತಣ್ಣಗಿದ್ದಾಗಲೋ, ಕಾದ ಮೇಲೋ? ಹೊರಟ ಕೂಡಲೋ, ಅರ್ಧ ತಾಸು ಓಡಿದ ಮೇಲೋ? ಅವನು ಹೇಳುವುದನ್ನು ಪೂರ್ತಿ ಕೇಳಿ, ಆಮೇಲೆ ನಟ್ಟು ತಿರುಗಿಸುವ ಪಾನೆ ಹಿಡಿಯಬೇಕು — ಇಷ್ಟು ಬರೆಯುವಷ್ಟರಲ್ಲಿ ಕೈ ನಿಂತಿತು. ಸಿದ್ದಪ್ಪ ನೆನಪಾದ. ಮಂದಿಗೆ ಯಾವ ಬಾಯಿಂದ ಪಾಠ ಹೇಳಲಿ?

ಸಿದ್ದಪ್ಪ ಆಳಂದದ ಕಡೆಯವನು. ಗೌರಕ್ಕನ ರೊಟ್ಟಿ ಕೇಂದ್ರದ ಡ್ರೈವರ್. ಗೌರಕ್ಕ ಕಲ್ಯಾಣದಲ್ಲಿ ಹತ್ತು-ಹನ್ನೆರಡು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಜೋಳದ ರೊಟ್ಟಿ ಬಡಿಯಿಸುತ್ತಾಳೆ. ಬೆಳಿಗ್ಗೆ ಬಡಿದ ರೊಟ್ಟಿ, ಶೇಂಗಾ ಚಟ್ನಿ, ಪಲ್ಯದ ಡಬ್ಬಿ ಎಲ್ಲ ಒಂದು ಹಳೆಯ ಪೆಟ್ರೋಲ್ ವ್ಯಾನಿನಲ್ಲಿ ಹೊರಟು, ಮಧ್ಯಾಹ್ನದ ಊಟದ ಹೊತ್ತಿಗೆ ತುರ್ಭೆಯ ಕಾರ್ಖಾನೆಗಳ ಗೇಟು ಮುಟ್ಟಬೇಕು. ಅಲ್ಲಿ ನಮ್ಮ ರಾಯಚೂರು, ವಿಜಯಪುರದ ಮಂದಿ ಕಾಯುತ್ತಿರುತ್ತಾರೆ. ಹನ್ನೊಂದು ವರ್ಷ ಆ ವ್ಯಾನನ್ನು ಸಿದ್ದಪ್ಪನೇ ಓಡಿಸಿದ. ಮಾತು ಕಡಿಮೆ. ಹತ್ತುವ ಮೊದಲು ಸ್ಟೀರಿಂಗಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಡ್ರೈವರ್ ಅನ್ನಿಸಿಕೊಳ್ಳುವುದೇ ಅವನಿಗೆ ದೊಡ್ಡ ಮಾನ.

ಆ ವರ್ಷ ಮೊದಲ ಮಳೆಗೆ ವ್ಯಾನನ್ನು ನನ್ನ ಬಳಿ ತಂದ. ಈ ಕಡೆಯ ಮಳೆ ಗೊತ್ತಲ್ಲ, ಸವೆದ ಮುಚ್ಚಳದ ಸಂದಿಯಿಂದ ಪೆಟ್ರೋಲ್ ಟ್ಯಾಂಕಿಗೆ ನೀರು ಇಳಿಯುತ್ತದೆ. ಅದಕ್ಕೆ ನನ್ನದೇ ಒಂದು ಉಪಾಯವಿತ್ತು. ಹಳೆಯ ಸೈಕಲ್ ಟ್ಯೂಬಿನಿಂದ ಒಂದು ದುಂಡನೆಯ ತುಂಡು ಕತ್ತರಿಸಿ ಮುಚ್ಚಳದ ಒಳಗೆ ಬಿಗಿಯಾಗಿ ಕೂರಿಸಿ, ನಡುವೆ ಸೂಜಿಯಿಂದ ಒಂದು ತೂತು ಚುಚ್ಚುತ್ತಿದ್ದೆ. ತೂತು ಬೇಕೇ ಬೇಕು — ಪೆಟ್ರೋಲ್ ಖರ್ಚಾದಷ್ಟೂ ಟ್ಯಾಂಕಿನೊಳಗೆ ಗಾಳಿ ಹೋಗಬೇಕು, ಇಲ್ಲದಿದ್ದರೆ ಪೆಟ್ರೋಲ್ ಇಂಜಿನ್ನಿಗೆ ಬರುವುದೇ ನಿಲ್ಲುತ್ತದೆ. ಆವತ್ತು ಗ್ಯಾರೇಜಿನ ಮುಂದೆ ಗಾಡಿಗಳ ಸಾಲು. ವ್ಯಾನಿನ ಮುಚ್ಚಳಕ್ಕೆ ರಬ್ಬರ್ ಕೂರಿಸಿದೆ. ಸೂಜಿ ಚುಚ್ಚಲಿಲ್ಲ.

ಅಷ್ಟೇ. ಒಂದು ಸೂಜಿ ತೂತು.

ಎಂಟು ದಿನಕ್ಕೆ ತಕರಾರು ಶುರುವಾಯಿತು. ವ್ಯಾನ್ ಕಲ್ಯಾಣದಿಂದ ಚಂದಾಗಿ ಹೊರಡುತ್ತದೆ, ತುರ್ಭೆಯ ದಾರಿಯಲ್ಲಿ ಮಹಾಪೆಯ ಹತ್ತಿರ ಬರುವಷ್ಟರಲ್ಲಿ ಐಡ್ಲಿಂಗ್ ಏರಿಳಿಯುತ್ತದೆ, ಆಮೇಲೆ ಬಂದ್. ಎಷ್ಟು ಸೆಲ್ಫ್ ಹೊಡೆದರೂ ಏಳುವುದಿಲ್ಲ. ಕಾಯ್ದರೆ ತಾನೇ ಚಾಲೂ. ನಡುವೆ ನಾಲ್ಕು ದಿನ ಏನೂ ಇಲ್ಲ, ಐದನೆಯ ದಿನ ಮತ್ತೆ ಅದೇ ಗೋಳು. ಸಿದ್ದಪ್ಪ ನನ್ನ ಹತ್ತಿರ ತಂದ. ನಾನು ಪ್ಲಗ್ ಬದಲಿಸಿದೆ, ಪಾಯಿಂಟ್ ತಿಕ್ಕಿದೆ, ಕಾರ್ಬ್ಯುರೇಟರ್ ಬಿಚ್ಚಿ ಊದಿದೆ, ಬ್ಯಾಟರಿಯ ಅರ್ಥಿಂಗ್ ತಂತಿ ಹೊಸದು ಹಾಕಿದೆ. ಪ್ರತಿ ಸಲವೂ ಗ್ಯಾರೇಜಿನಲ್ಲಿ ಗಾಡಿ ಬೆಣ್ಣೆಯ ಹಾಗೆ ಓಡಿತು.

ಯಾಕೆ ಓಡಿತು ಎಂದು ಈಗ ಹೇಳುತ್ತೇನೆ, ಕೇಳಿ ನಗಬಹುದು. ನನ್ನದೊಂದು ಪದ್ಧತಿ. ಯಾವ ಗಾಡಿಯೇ ಬರಲಿ, ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡುತ್ತೇನೆ — ಪೆಟ್ರೋಲಿನಲ್ಲಿ ಘಾಸ್ಲೆಟ್, ಅಂದರೆ ಸೀಮೆಎಣ್ಣೆ, ಬೆರೆತಿದೆಯೋ ಹೇಗೆ ಎಂದು. ಮುಚ್ಚಳ ತೆಗೆದ ಕೂಡಲೇ ಒಳಗೆ ಗಾಳಿ ನುಗ್ಗುತ್ತಿತ್ತು. ದಾರಿಯಲ್ಲಿ ಪೆಟ್ರೋಲ್ ಹಾಕಿಸಿದ ದಿನ ಗಾಡಿ ನಿಲ್ಲದೆ ಇದ್ದದ್ದೂ ಇದಕ್ಕೇ. ರೋಗವನ್ನು ನಾನೇ ಓಡಿಸಿ, ಆಮೇಲೆ ರೋಗ ಹುಡುಕುತ್ತಿದ್ದೆ. ಸುತ್ತಲೂ ಗ್ರೈಂಡರು, ಲಾರಿಗಳ ಗದ್ದಲ. ನನ್ನ ಮೂಗಿನ ಕಡೆಗೇ ಲಕ್ಷ್ಯವಿತ್ತು, ಕಿವಿಯ ಕಡೆ ಇರಲಿಲ್ಲ.

ಸಿದ್ದಪ್ಪನ ಕಿವಿಗೆ ಬಿದ್ದಿತ್ತು. ಒಂದು ದಿನ ಅಳುಕುತ್ತಲೇ ಹೇಳಿದ: “ಮಿಸ್ತ್ರಿ, ಪೆಟ್ರೋಲ್ ಪಂಪಿನ್ಯಾಗ ಮುಚ್ಚಳ ತಗದ್ರ ಬುಸ್ ಅಂತದ ನೋಡ್ರಿ. ಮೊದಲ ಹಂಗ ಅಂತಿದ್ದಿಲ್ಲ.”

ಪೂರಾ ಉತ್ತರವನ್ನೇ ತಂದು ನನ್ನ ಕೈಗೆ ಕೊಟ್ಟಿದ್ದ. ನಾನು ತಲೆ ಎತ್ತಿ ಕೂಡ ನೋಡಲಿಲ್ಲ. “ಮಿಸ್ತ್ರಿ ನಾನೋ ನೀನೋ?” ಎಂದೆ.

ಶ್ರಾವಣದಲ್ಲಿ ಒಂದೇ ವಾರ ಮೂರು ಸಲ ವ್ಯಾನ್ ನಿಂತಿತು. ತುರ್ಭೆಯ ಗೇಟಿನಲ್ಲಿ ಮಂದಿ ಉಪವಾಸ ಕಾಯ್ದು ವಡಾಪಾವ್ ತಿಂದು ಒಳಗೆ ಹೋದರು. ಗೌರಕ್ಕ ನನ್ನನ್ನು ಕರೆಸಿದಳು. ರೊಟ್ಟಿ ಬಡಿಯುವ ಕೋಣೆಯಲ್ಲೇ ನಿಂತು, ಹೆಣ್ಣುಮಕ್ಕಳೆಲ್ಲರ ಮುಂದೆ ಕೇಳಿದಳು: “ನೀ ನಮ್ಮ ಕಡೀಂವ, ಖರೇ ಹೇಳು. ಏನಾಗೈತಿ ಗಾಡೀಗೆ?”

ಗೊತ್ತಾಗವಲ್ದು ಅಕ್ಕಾ. ಇಷ್ಟು ಅಂದಿದ್ದರೆ ಸಾಕಿತ್ತು. ನಾಲಿಗೆ ಹೊರಳಲಿಲ್ಲ. ಅಷ್ಟು ವರ್ಷ ಯಾರ ಮುಂದೂ ಗೊತ್ತಿಲ್ಲ ಅಂದವನಲ್ಲ ನಾನು. ಸಿದ್ದಪ್ಪ ಬಾಗಿಲಲ್ಲಿ ನಿಂತಿದ್ದ. ನಾನು ಅಂದೆ:

“ಗಾಡ್ಯಾಗ ಏನೂ ಇಲ್ಲಕ್ಕಾ. ಖೋಡಿ ಇರೂದು ಸಿದ್ದಪ್ಪನ ಕಾಲಾಗ. ಕ್ಲಚ್ ಬಿಡೂದು ತಿಳಿಯಂಗಿಲ್ಲ, ರೇಸ್ ಕೊಟ್ಟು ಕೊಟ್ಟು ಇಂಜಿನ್ ಪೆಟ್ರೋಲಿನ್ಯಾಗ ಮುಳಗಸ್ತಾನ.”

ಬಡಿಯುವ ಕೈಗಳೆಲ್ಲ ಒಮ್ಮೆಗೇ ನಿಂತವು. ಸಿದ್ದಪ್ಪ ತನ್ನ ಕಾಲನ್ನೇ ನೋಡಿಕೊಂಡ. ಮರುದಿನ ಚಾವಿಯನ್ನು ಗೌರಕ್ಕನ ದೇವರ ಮಾಡದಲ್ಲಿ ಇಟ್ಟು ಹೋದನಂತೆ. ಆಮೇಲೆ ಭಿವಂಡಿಯ ಗೋದಾಮಿನಲ್ಲಿ ಗಂಟು ಹೊರುತ್ತಾನೆ ಎಂದು ಯಾರೋ ಹೇಳಿದರು.

ನವರಾತ್ರಿಯ ಮುಂಚೆ ಹೊಸ ಡ್ರೈವರ್ ಮಹಾಪೆಯಿಂದ ಫೋನ್ ಮಾಡಿದ. ಗಾಡಿ ನಿಂತಿದೆ, ಸ್ಟಾರ್ಟ್ ಆಗುತ್ತಿಲ್ಲ. ಬೈಕ್ ಹತ್ತಿ ಹೋದೆ. ರಸ್ತೆಯ ಬದಿ, ಸುತ್ತ ಗದ್ದಲವಿಲ್ಲ. ರೂಢಿಯಂತೆ ಮೂಸಲೆಂದು ಮುಚ್ಚಳ ತಿರುವಿದೆ — ಬುಸ್ ಅಂದಿತು. ಉದ್ದನೆಯ ಸದ್ದು. ಟ್ಯಾಂಕು ಗಾಳಿ ಎಳೆದುಕೊಂಡಿತು. ನನ್ನ ಕೈಯಲ್ಲಿ ಮುಚ್ಚಳ, ಅದರೊಳಗೆ ನನ್ನದೇ ಟ್ಯೂಬಿನ ತುಂಡು. ಬಿಸಿಲಿಗೆ ಹಿಡಿದು ನೋಡಿದೆ. ತೂತಿಲ್ಲ. ಡ್ರೈವರಿಗೆ ಚಾವಿ ತಿರುವು ಎಂದೆ, ಒಂದೇ ಏಟಿಗೆ ಚಾಲೂ ಆಯಿತು.

ರಬ್ಬರನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಅಲ್ಲಿಯವರೆಗೆ ನನ್ನದು ತಪ್ಪು ಅನ್ನಬಹುದು, ಅಲ್ಲಿಂದ ಮುಂದಿನದು ಪಾಪ. ಗೌರಕ್ಕನಿಗೆ ಟ್ಯಾಂಕಿನಲ್ಲಿ ಕಚರಾ ಇತ್ತು, ತೆಗೆದೆ ಎಂದೆ. ಅವಳು ದಡ್ಡಳಲ್ಲ. “ಹಂಗಾರ ಸಿದ್ದಪ್ಪಂದು ತಪ್ಪಿರಲಿಲ್ಲೇನು?” ಎಂದಳು. “ಅದ ಬ್ಯಾರೆ, ಇದ ಬ್ಯಾರೆ ಅಕ್ಕಾ” ಎಂದೆ. ಅವಳು ನಂಬಿದಳು. ನನ್ನ ಮಾತನ್ನು ಎಲ್ಲರೂ ನಂಬುತ್ತಾರೆ, ಅದೇ ಕೆಟ್ಟದ್ದು.

ಆರು ವರ್ಷ. ಆ ರಬ್ಬರ್ ನನ್ನ ಪಾನೆಗಳ ಡಬ್ಬಿಯ ತಳದಲ್ಲೇ ಬಿದ್ದಿತ್ತು. ಎಸೆಯಲಿಲ್ಲ, ಯಾಕೋ —

ಲೇಖನದ ಹಾಳೆಯನ್ನು ಹಾಗೇ ಬಿಟ್ಟು, ಹೋದ ತಿಂಗಳು ಒಂದು ಭಾನುವಾರ ಭಿವಂಡಿಗೆ ಹೋದೆ. ಸಿದ್ದಪ್ಪ ತಾನಿರುವ ಚಾಳಿನ ಮುಂದೆ ಕುಳಿತು ಮೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಹೆಗಲು ಗಂಟು ಹೊತ್ತು ಕಪ್ಪಗಾಗಿತ್ತು. ಕುಳಿತುಕೊಳ್ಳದೆಯೇ ಎಲ್ಲವನ್ನೂ ಹೇಳಿ, ರಬ್ಬರನ್ನು ಅವನ ಕೈಯಲ್ಲಿಟ್ಟೆ. ಬಹಳ ಹೊತ್ತು ತಿರುವಿ ತಿರುವಿ ನೋಡಿದ.

“ಬುಸ್ ಅಂತದ ಅಂತ ಹೇಳಿದ್ದೆ ನಾ. ಹೌದಿಲ್ಲೋ?”

“ಹೇಳಿದ್ದಿ.”

“ನಾನೂ ಮನಿಗಿ ಬಂದು ಭಾಳ ವಿಚಾರ ಮಾಡ್ದೆ, ಮಿಸ್ತ್ರಿ. ನೀವು ಅಂದೀರಿ ಅಂದಮ್ಯಾಲ ಖರೇನ ಇರಬೇಕು ಅನಕೊಂಡೆ. ನನ್ನ ಕಾಲೇ ಕೆಟ್ಟದ ಅಂತ ತಿಳದೆ. ಮತ್ತ ಸ್ಟೀರಿಂಗ್ ಮುಟ್ಟಿಲ್ಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹನ್ನೊಂದು ವರ್ಷದ ತನ್ನ ಕಾಲಿಗಿಂತ ನನ್ನ ನಾಲಿಗೆಯನ್ನು ಅವನು ಹೆಚ್ಚು ನಂಬಿದ್ದ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ನಾಚಿಕೆಯಾಯಿತು. ಕ್ಷಮಿಸಿದೆ ಎಂದು ಅವನು ಅನ್ನಲಿಲ್ಲ. “ಎಲ್ಲಿ ಅಂದಿದ್ರಿ, ಅಲ್ಲೇ ಹೋಗಿ ಹೇಳ್ರಿ” ಎಂದ, ಅಷ್ಟೇ.

ಹೇಳಿದೆ. ಅದೇ ಕೋಣೆ, ಅದೇ ಹೆಣ್ಣುಮಕ್ಕಳು, ನನ್ನ ಜೊತೆ ಬಂದ ಸಿದ್ದಪ್ಪನೂ ಅದೇ ಬಾಗಿಲಲ್ಲಿ ನಿಂತಿದ್ದ. ಮತ್ತೆ ಕೈಗಳು ನಿಂತವು. “ಗಾಡಿ ಕೆಡಿಸಿದಾಂವ ನಾನು, ಸಿದ್ದಪ್ಪ ಅಲ್ಲ” ಎಂದೆ. ಎಲ್ಲರಿಗಿಂತ ಹಿರಿಯಳು ಹಿಟ್ಟಿನ ಕೈಯಲ್ಲೇ ಹಣೆ ಬಡಿದುಕೊಂಡು, “ಥೂ ನಿನ್ನ! ಬಾಯಾಗ ಹುಳಾ ಬೀಳಲಿ” ಎಂದಳು. ಸರಿಯಾಗಿಯೇ ಅಂದಳು. ಗೌರಕ್ಕ ನನ್ನ ಕಡೆ ನೋಡಲೇ ಇಲ್ಲ. ದೇವರ ಮಾಡದಿಂದ ಚಾವಿ ತಂದು ಸಿದ್ದಪ್ಪನ ಕೈಯಲ್ಲಿಟ್ಟಳು. “ತಗೋ ಅಣ್ಣಾ. ಒಂದ ಸಲ ಹೊಡೆದ ನೋಡು.”

ವ್ಯಾನ್ ಇನ್ನೂ ಅದೇ. ಅದರ ಇಂಜಿನ್ನನ್ನು ಅದಕ್ಕೆ ಒಂದು ವಾರ ಮೊದಲಷ್ಟೇ ನಾನೇ ಬಿಚ್ಚಿ ಜೋಡಿಸಿದ್ದೆ. ಸಿದ್ದಪ್ಪ ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡ. ಚಾವಿ ತಿರುವಿದ ಕೂಡಲೇ ಚಾಲೂ. ಐಡ್ಲಿಂಗ್ ಒಂದಿಷ್ಟೂ ಅಲುಗಲಿಲ್ಲ, ಗಡಿಯಾರದ ಹಾಗೆ. ಗೇರ್ ಹಾಕಿದ. ಕ್ಲಚ್ ಬಿಟ್ಟ.

ಗಾಡಿ ಜಿಗಿದು ಬಂದ್ ಬಿತ್ತು.

ಮತ್ತೆ ತಿರುವಿದ. ಮತ್ತೆ ಅದೇ. ಅವನ ಎಡಗಾಲು ಪೆಡಲಿನ ಮೇಲೆ ಗಡಗಡ ನಡುಗುತ್ತಿತ್ತು. ನನ್ನ ಕಡೆ ತಿರುಗಿದ. “ನೋಡ್ರಿ. ನೀವು ಅಂದಂಗೇ ಆಯ್ತು” ಎಂದ.

ಈ ಸಲ ಗಾಡಿಯಲ್ಲಿ ಏನೂ ಇರಲಿಲ್ಲ. ದೋಷ ಸಿದ್ದಪ್ಪನ ಕಾಲಿನಲ್ಲೇ ಇತ್ತು — ಆರು ವರ್ಷದ ಹಿಂದೆ ನನ್ನ ಬಾಯಿಂದ ಹೊರಟು ಅಲ್ಲಿ ಹೋಗಿ ಕುಳಿತದ್ದು. ರೋಗ ಯಾವುದು ಎಂದು ಹಿಡಿದು ಹೇಳುವುದರಲ್ಲಿ ನನಗೆ ಎಂದೂ ಅನುಮಾನವಿಲ್ಲ, ಆವತ್ತೂ ಇರಲಿಲ್ಲ.

ಈಗ ಪ್ರತಿ ಭಾನುವಾರ ಬೆಳಿಗ್ಗೆ ಕಲ್ಯಾಣದ ಒಂದು ಖಾಲಿ ಮೈದಾನಕ್ಕೆ ವ್ಯಾನ್ ಒಯ್ಯುತ್ತೇವೆ. ಸಿದ್ದಪ್ಪ ಸ್ಟೀರಿಂಗ್ ಹಿಡಿಯುತ್ತಾನೆ, ನಾನು ಪಕ್ಕದಲ್ಲಿ ಕೂರುತ್ತೇನೆ. ನಾನು ಮಾತಾಡಕೂಡದು ಎಂದು ಅವನ ಕರಾರು. ಹೋದ ವಾರ ಗಾಡಿ ಒಂದು ಸುತ್ತು ಹೋಗಿ ನಿಂತಿತು, ಈ ವಾರ ಎರಡು. ನಾನು ಬಾಯಿ ಮುಚ್ಚಿಕೊಂಡು ಕುಳಿತಿರುತ್ತೇನೆ.