ನೀಲಿ ಹಕ್ಕಿಯ ಖಾಲಿ ಗೂಡು

ಆ ಹಲ್ಲಿನ ಡಾಕ್ಟರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಇರಾದೆಯೂ ಇಲ್ಲ.

ಧಾರವಾಡದ ಅಂಚಿನ ಕಾಡಿನಲ್ಲಿ, ಹಳ್ಳದ ದಂಡೆಯ ಒಂದು ಪೊಟರೆಯೊಳಗೆ ನೀಲಿ ನೊಣಹಿಡುಕ ಗೂಡು ಕಟ್ಟಿತ್ತು. ಗುಬ್ಬಿಯಷ್ಟೂ ಇಲ್ಲದ ಹಕ್ಕಿ; ಬೆನ್ನು ನೀಲಿ, ಎದೆ ಕಿತ್ತಳೆ. ಬೈರಿದೇವರಕೊಪ್ಪದ ಮನೆಯಿಂದ ನಸುಕಿನಲ್ಲೇ ಸ್ಕೂಟರ್ ಹತ್ತಿ ಹೋಗುತ್ತಿದ್ದೆ. ಸೀರೆ ಬಿಟ್ಟು ಮಗನ ಹಳೆಯ ಪ್ಯಾಂಟು ತೊಟ್ಟು, ಸೊಳ್ಳೆಗಳಿಗೆ ರಕ್ತದಾನ ಮಾಡುತ್ತ ಕ್ಯಾಮೆರಾ ಹಿಡಿದು ಕೂರುತ್ತಿದ್ದೆ. ಗೂಡಿನ ಮುಂದೆ ಪೊದೆಯ ಟೊಂಗೆಯೊಂದು ಬಾಗಿತ್ತು. ನಾನು ತೆಗೆದ ಯಾವ ಫೋಟೋ ನೋಡಿದರೂ ಹಕ್ಕಿಯ ಮೈಮೇಲೆ ಒಂದಾದರೂ ಎಲೆ. ಆ ಎಲೆಗಳ ಮರೆಯಲ್ಲೇ ಮರಿಗಳು ಬದುಕಿದ್ದವು.

ನಮ್ಮ ಫೋಟೋ ಬಳಗದವನೇ ಆದ ಈ ಡಾಕ್ಟರ್ ಒಂದು ದಿನ ನನ್ನ ಬೆನ್ನು ಹತ್ತಿ ಬಂದ.

"ಎಲಿ ಅಡ್ಡ ಬರ್ತಾವಲ್ರಿ ಅಕ್ಕಾರ, ಫೋಟೋ ಛಲೋ ಬರಂಗಿಲ್ಲ," ಅಂದ.

"ಬರದಿದ್ರ ಬ್ಯಾಡ. ಕೈ ಹಚ್ಚಬ್ಯಾಡ್ರಿ," ಅಂದೆ. ಹೂಂ ಅಂದ.

ಅವತ್ತೇ ಸಂಜೆ ಬಳಗದ ವಾಟ್ಸಾಪ್‌ಗೆ ಅವನ ಫೋಟೋ ಬಂತು. ಒಂದೇ ಒಂದು ಎಲೆ ಇಲ್ಲ. ನಾನು ಹೊರಟ ಮೇಲೆ ಟೊಂಗೆ ಕತ್ತರಿಸಿದ್ದ.

ಮರುದಿನ ಓಡಿಹೋದೆ. ಗೂಡು ಬಟಾಬಯಲಾಗಿತ್ತು. ನನ್ನ ಕಣ್ಣೆದುರೇ ಕೆಂಬೂತವೊಂದು ಕೊನೆಯ ಮರಿಯನ್ನು ಕಚ್ಚಿಕೊಂಡು ಹಾರಿತು. ತಾಯಿ ಹಕ್ಕಿ ಕೊಕ್ಕಿನಲ್ಲಿ ಹುಳ ಹಿಡಿದು ಮತ್ತೆ ಮತ್ತೆ ಖಾಲಿ ಗೂಡಿಗೆ ಬಂದು ಹೋಯಿತು. ನಾನು ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು, ಗೂಡನ್ನೂ ಕತ್ತರಿಸಿದ ಹಸಿ ಟೊಂಗೆಯನ್ನೂ ಒಟ್ಟಿಗೆ ಫೋಟೋ ತೆಗೆದೆ.

ಬಳಗದ ಪ್ರದರ್ಶನಕ್ಕೆ ತಲೆಗೊಂದೇ ಫೋಟೋ. ಎಲೆ ಅಡ್ಡವಿದ್ದರೂ ನನ್ನ ನೀಲಿ ಹಕ್ಕಿ ಎಲ್ಲರ ಕಣ್ಣು ಸೆಳೆಯುವಂತಿತ್ತು. ಅದನ್ನು ಮನೆಯಲ್ಲೇ ಬಿಟ್ಟು, ಖಾಲಿ ಗೂಡನ್ನು ಒಯ್ದು ಅವನ ಫೋಟೋದ ಪಕ್ಕಕ್ಕೇ ತೂಗುಹಾಕಿದೆ. ಬಂದವರು ಅವನದನ್ನು ನೋಡಿ ವಾಹ್ ಅನ್ನುತ್ತಿದ್ದರು. ನನ್ನದರಲ್ಲಿ ಕಡಿದ ಟೊಂಗೆ ಕಂಡೊಡನೆ ಹಿಂತಿರುಗಿ ಅವನದರಲ್ಲಿ ಎಲೆ ಹುಡುಕುತ್ತಿದ್ದರು. ಅವನ ಮುಖ ಕಪ್ಪಿಟ್ಟಿದ್ದು ಕಂಡು ನನ್ನ ಹೊಟ್ಟೆ ತಣ್ಣಗಾಯಿತು.

"ಅದನ್ನ ತಗೀರಿ ಅಕ್ಕಾರ, ಮಂದಿ ಮುಂದ ಮಾನ ಹೋಗಾಕತ್ತೈತಿ," ಅಂದ, ಹತ್ತಿರ ಬಂದು.

"ಕಡಿದ ಟೊಂಗಿ ತಿರುಗಿ ಹಚ್ಚಿ ಬರ್ರಿ, ತಗೀತೇನಿ."

ಮಧ್ಯಾಹ್ನದ ಹೊತ್ತಿಗೆ ತನ್ನ ಫೋಟೋ ಇಳಿಸಿಕೊಂಡು ಹೊರಟುಹೋದ. ಗೋಡೆಯಲ್ಲಿ ಮೊಳೆ ಉಳಿಯಿತು. ಬಳಗದ ಹಿರಿಯರೊಬ್ಬರು ಬಂದು, "ಜಾಗಾ ಖಾಲಿ ಕಾಣ್ತೈತ್ರಿ. ನಿಮ್ಮವು ಎರಡಾದ್ರೂ ನಡೀತೈತಿ, ನೀಲಿ ಹಕ್ಕೀನ ಅಲ್ಲಿ ಹಾಕೂಣು, ಲಗೂ ತರಸ್ರಿ," ಅಂದರು. ಆಸೆಯಾಯಿತು, ಸುಳ್ಳೇಕೆ ಹೇಳಲಿ.

"ಬ್ಯಾಡ್ರಿ," ಅಂದೆ. "ಆ ಮೊಳಿ ಹಂಗ ಇರ್ಲಿ. ಅಲ್ಲಿ ಯಾರ ಫೋಟೋ ಇತ್ತಂತ ಬಂದವ್ರೆಲ್ಲಾ ಕೇಳ್ಲಿ. ಹೇಳಾಕ ನಾ ಇಲ್ಲೇ ಕುಂತಿರ್ತೇನಿ."