ನಮ್ಮ ಮನೆಯ ನಂಬರು

ಜನಗಣತಿಯ ಮನೆಪಟ್ಟಿಗೆ, ಮೇಷ್ಟರಾದ ನನ್ನನ್ನು ಮಳವಳ್ಳಿ ತಾಲ್ಲೂಕಿನ ನಮ್ಮೂರಿಗೇ ಹಾಕಿದರು. ರಸ್ತೆ ಕಡೆಯಿಂದ ಮನೆಗಳಿಗೆ ನಂಬರು ಬರೆಯುತ್ತಾ ಹೋಗಿ ಎಂದಿದ್ದರು. ಬಸ್ಸಿಳಿದರೆ ಮೊದಲು ಸಿಗುವುದು ನಾನು ಹುಟ್ಟಿದ ದಲಿತರ ಕೇರಿ. ನಾಲೆ ದಾಟಿದರೆ ಊರು. ಆದರೂ ಬೆಳಿಗ್ಗೆ ನೆಟ್ಟಗೆ ನಾಲೆ ದಾಟಿ, ದೇವಸ್ಥಾನದ ಪಕ್ಕದ ಮನೆಗೆ ಒಂದು ಎಂದು ಬರೆದೆ. ಇಷ್ಟು ಓದಿಯೂ ಯಾಕೆಂದು ಯೋಚಿಸಲಿಲ್ಲ. ಕೇರಿಗೆ ಬಂದಾಗ ಸಂಜೆಯಾಗಿತ್ತು. ನಮ್ಮ ಗೋಡೆಯ ಮೇಲೆ ನಾನು ಬರೆದ ನಂಬರನ್ನು ಅವ್ವ ದಿಟ್ಟಿಸಿ ನೋಡಿದಳು.

“ಬೆಳಿಗ್ಗೆ ನಮ್ಮನೆ ಮುಂದ್ಲಿಂದ್ಲೇ ಓಗಿದ್ಯಲ್ಲ ಮಗ, ನಮ್ಮನ್ನ ಕೊನೇಲಿ ಬರಿ ಅಂತ ಊರೋರು ಏಳಿದ್ರಾ?”

“ಇಲ್ಲ ಕಣವ್ವ.”

“ನಿಮ್ ಸಾಯೇಬ್ರು?”

“ಅವರೂ ಏಳ್ಲಿಲ್ಲ.”

“ಮತ್ಯಾರ್ಲಾ ಏಳಿದ್ದು?”